ಬೋರಿಗೆ ಬಿಂದಿಗೆ ನೀರು

ಕುಮಾರೇಶ ಆ ಬೆಳಿಗ್ಗೆ ಮಾತಾಡದೆ ಇಡ್ಲಿ ತಿಂದು ಎದ್ದಿದ್ದರೆ ಸಾಕಿತ್ತು. ಆದರೆ ಗೋವಿಂದಮ್ಮ ದೊಡ್ಡಮ್ಮ ಚಟ್ನಿ ಬಡಿಸುತ್ತಾ, “ಏನ್ಲಾ, ತಲೆಗಿಲೆ ಬಾಚ್ಕೊಂಡಿದ್ದೀಯ?” ಎಂದಳು. ಅವನು ಹೇಳಿಬಿಟ್ಟ.

“ಕ್ವಾರಿ ಪಕ್ಕದ ಬೋರ್‌ನಾಗೆ ನೀರು ಎಷ್ಟು ಕೆಳಗದೆ ಅಂತ ಅಳೆಯೋಕೆ ಹೊಸೂರಿಂದ ಸರ್ಕಾರದ ಸಾರ್ ಒಬ್ರು ಬತ್ತವ್ರೆ, ದೊಡ್ಡಮ್ಮ.”

ರಾಯಕೋಟೆ ದಾರಿಯ ಆ ಊರಿನ ಬೆನ್ನಿಗೇ ಕಲ್ಲಿನ ಕ್ವಾರಿ. ಅದರ ಗುಂಡಿಗೆ ಒಸರುವ ನೀರನ್ನು ಪಂಪು ಸದಾ ಹೊರಗೆ ಉಗುಳುತ್ತಿತ್ತು. ಊರ ಬಾವಿಗಳೆಲ್ಲ ಬತ್ತಿ, ಉಳಿದಿದ್ದು ಒಂದು ಕೈಪಂಪು. ಈಗ ಕ್ವಾರಿಯವರಿಗೆ ಇನ್ನೂ ಆಳಕ್ಕೆ ತೋಡುವ ಆಸೆ. ಬೋರಿನಲ್ಲಿ ನೀರು ಇಳಿದಿದೆಯೆಂದು ಅಳತೆಯಲ್ಲಿ ಕಂಡರೆ ಅನುಮತಿ ಇಲ್ಲ. ಕಾಣದಿದ್ದರೆ ಕೈಪಂಪಿಗೂ ತಿಥಿ.

ಆ ಬೋರಿಗೆ ವಾರವಾರ ಟೇಪು ಇಳಿಬಿಡುವುದೇ ಕುಮಾರೇಶನ ಕೆಲಸ. ತುದಿ ನೀರಿಗೆ ತಾಗಿದರೆ ಟೇಪು ಕೀಂ ಅನ್ನುತ್ತದೆ. ಈಚೆಗೆ ಅದು ಕೀಂ ಅನ್ನುವಷ್ಟರಲ್ಲಿ ಬೀಡಿಯೊಂದು ಮುಗಿಯುತ್ತಿತ್ತು. ಸಂಬಳ ಕ್ವಾರಿಯದು, ಮನೆ ಊರಿನದು. ಹಾಗಾಗಿ ಅಲ್ಲಿ ಊರಿನ ಬೇಹುಗಾರ, ಇಲ್ಲಿ ಕ್ವಾರಿಯ ನಾಯಿ. ಇವತ್ತಾದರೂ ಟೇಪು ನಿಜ ಕೂಗಲಿ ಎಂದುಕೊಂಡು, ಸಾರನ್ನು ಕರೆತರಲು ಗಾಡಿ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದ.

ಹರಿಕೃಷ್ಣ ಸಾರನ್ನು ಹಿಂದೆ ಕೂರಿಸಿಕೊಂಡು ಬಂದಾಗ ಬೋರಿನ ಸುತ್ತ ಮದುವೆ ಮನೆಯ ಗಲಾಟೆ. ಪೈಪಿಗೆ ಅರಿಶಿನ, ಕುಂಕುಮ, ಚೆಂಡುಹೂವು. ಸಾಲುನಿಂತ ಹೆಂಗಸರಲ್ಲಿ ಕೊನೆಯವಳು ಪೈಪಿನೊಳಗೆ ಬಿಂದಿಗೆ ಬಗ್ಗಿಸುತ್ತಿದ್ದಳು.

“ದೊಡ್ಡಮ್ಮ, ಏನ್ ಮಾಡ್ಬುಟ್ರಿ?”

“ಗಂಗಮ್ಮನ ನೋಡೋಕೆ ದೊಡ್ಡೋರು ಬತ್ತಾರೆ ಅಂದ್ರೆ ಅವ್ಳ ಒಣಬಾಯಲ್ಲಿ ನಿಲ್ಲಿಸ್ತಾರೇನ್ಲಾ? ಮನೆಗೊಂದು ಬಿಂದಿಗೆ ಹುಯ್ದಿವಿ. ವಾಡಿಕೆ ಕಣ್ಲಾ.”

ಹರಿಕೃಷ್ಣ ಟೇಪು ಬಿಟ್ಟ. ಬಿಟ್ಟದ್ದೇ ತಡ, ಕೀಂ.

“ಪರವಾಗಿಲ್ಲವೇ, ನೀರು ಮೇಲೇ ಇದೆಯಲ್ಲ.”

“ಬಂದ್ಬುಟ್ಳು ತಾಯಿ,” ಎಂದು ಊರ ಹಿರಿಯ ಆವುಲಪ್ಪ ಕೈಮುಗಿದ.

ಕುಮಾರೇಶ ಟೇಪಿಗೆ ಕೈಯಡ್ಡ ಹಿಡಿದ. “ಬೋರು ಕೊಕ್ಕರೆ ಗಂಟಲು ಇದ್ದಂಗೆ ಸಾರ್. ನಾಕು ಬಿಂದಿಗೆ ಹುಯ್ದ್ರೂ ಮನೆಯೆತ್ತರ ಏರ್ತದೆ. ಸಂಜೆಗಂಟ ಇದ್ದು ಇನ್ನೊಂದ್ಸಲ ಅಳೀರಿ. ಆ ನೀರು ನಿಲ್ಲಾಕಿಲ್ಲ.”

ಅಷ್ಟರಲ್ಲಿ ದೊಡ್ಡಮ್ಮನ ಮನೆಯ ಹುರುಳಿಸಾರಿನ ವಾಸನೆ ಬಂತು. ಹರಿಕೃಷ್ಣ ಒಪ್ಪಿದ, ಮುದ್ದೆ ಉಂಡ, ಮಾವಿನ ಮರದಡಿ ಗೊರಕೆ ಹೊಡೆದ. ಕುಮಾರೇಶ ಊಟ ಬಿಟ್ಟು ಪೈಪನ್ನು ತಬ್ಬಿ ಕೂತ. ಮಧ್ಯಾಹ್ನ ಊರಿನ ಮಂಗಮ್ಮ ಬಿಂದಿಗೆ ಹೊತ್ತು ಏದುಸಿರು ಬಿಡುತ್ತ ಬಂದಳು. “ಎಲ್ಲರ ಮನೇದೂ ಆಗಿ ನಮ್ಮನೇದೊಂದು ತಪ್ಪಿದ್ರೆ ಗಂಗಮ್ಮ ಸುಮ್ನಿರ್ತಾಳಾ? ಎದ್ದೇಳ್ಲಾ.” ಅವನು ಏಳಲಿಲ್ಲ. ಅವಳು ಅವನ ನೆತ್ತಿಯ ಮೇಲೇ ಹುಯ್ದು, ಗಲ್ಲ ಬಡಿದುಕೊಂಡು ಹೋದಳು.

ಸಂಜೆ ಟೇಪು ಮತ್ತೆ ಇಳಿಯಿತು. ಇಳಿಯಿತು, ಇಳಿಯುತ್ತಲೇ ಹೋಯಿತು. ಎಲ್ಲೋ ಪಾತಾಳದಿಂದ ಸೊಳ್ಳೆಯಂಥ ಕೀಂ ಕೇಳಿಸಿತು. ನೀರು ಇಳಿದಿದ್ದಕ್ಕೆ ನಕ್ಕವನು ಆ ಊರಿನಲ್ಲಿ ಕುಮಾರೇಶನೊಬ್ಬನೇ; ಅದನ್ನು ಎಲ್ಲರೂ ನೋಡಿದರು.

“ನೀನಂದದ್ದು ಸರಿ ತಂಬಿ,” ಎಂದ ಹರಿಕೃಷ್ಣ. “ಇಷ್ಟು ಬೇಗ ನೀರು ಕುಡಿಯೋ ನೆಲ ನಾನು ನೋಡೇ ಇಲ್ಲ. ಇಲ್ಲಿ ಗುಂಡಿ ಆಳವಾದಷ್ಟೂ ಒಳ್ಳೇದು. ಮಳೆನೀರು ನಿಂತು ಇಂಗಿ ನಿಮ್ಮ ಬಾವಿಗಳೇ ತುಂಬ್ತವೆ. ಕ್ವಾರಿ ಧಾರಾಳವಾಗಿ ತೋಡ್ಲಿ ಅಂತ ಬರೀತೀನಿ.”

“ಸಾರ್, ಇಂಗಿದ್ದಲ್ಲ ಅದು. ಕ್ವಾರಿ ಗುಂಡಿ ಎಳ್ಕೊಂಡಿದ್ದು. ಅಗೋ, ಪಂಪು ಉಗೀತಾ ಅದೆ ನೋಡಿ.”

“ಇರಬಹುದು. ನೀರು ಎಷ್ಟು ಬೇಗ ಹೋಯ್ತು ಅಂತ ಟೇಪು ಹೇಳ್ತದೆ. ಎಲ್ಲಿಗೆ ಹೋಯ್ತು ಅಂತ ಹೇಳಲ್ಲವಲ್ಲ.”

ಅವನು ಬಸ್ಸಿನ ಹೊತ್ತಾಯಿತೆಂದು ಯಾರದೋ ಗಾಡಿ ಹತ್ತಿ ಹೊರಟುಹೋದ. ಕುಮಾರೇಶ ತಿರುಗಿದರೆ ಊರಿಗೆ ಊರೇ ಅವನನ್ನು ನೋಡುತ್ತಿತ್ತು.

“ಬೆಳಗ್ಗೆ ಬಂದಿದ್ಳು ತಾಯಿ,” ಎಂದ ಆವುಲಪ್ಪ ನಿಧಾನವಾಗಿ. “ಸಂಜೆಗಂಟ ಕಾದು ಕೂತು ಓಡಿಸ್ಬುಟ್ಟ.”

ಆಗಲೇ ಫೋನು ಬಂತು, ಕ್ವಾರಿ ಮ್ಯಾನೇಜರ್ ಯುವರಾಜನದು. ಟೇಪು ಸುತ್ತಿ ಒದ್ದೆಯಾದ ಬೆರಳು ಎಲ್ಲಿ ತಾಗಿತೋ, ಸ್ಪೀಕರ್ ಜೋರಾಗಿ ಮಾತಾಡಿತು. “ಶಭಾಷ್ ಕುಮಾರೇಶ. ಸಾರ್ ದಾರಿಯಿಂದ್ಲೇ ಫೋನ್ ಮಾಡಿದ್ರು. ನೀನು ಅವರನ್ನ ಸಂಜೆವರೆಗೂ ನಿಲ್ಲಿಸ್ದೆ ನೋಡು, ನಮ್ಮ ಕೆಲಸ ಆಗೋಯ್ತು.”

ದೊಡ್ಡಮ್ಮ ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನಡೆದಳು. ಹಿಂದೆಯೇ ಉಳಿದವರೂ ನಡೆದರು. ಹಾಗಾಗಿ ಫೋನಿನ ಉಳಿದ ಮಾತನ್ನು ಕೇಳಿಸಿಕೊಂಡವನು ಕುಮಾರೇಶನೊಬ್ಬನೇ.

“ಅನುಮತಿ ಸಿಕ್ಕಂಗೇ ಲೆಕ್ಕ. ಇನ್ನು ಅಳೆಯೋದು ಏನಿದೆ ಹೇಳು? ಟೇಪು ಆಫೀಸಲ್ಲಿ ಕೊಟ್ಬಿಡು. ನಾಳೆಯಿಂದ ಬರಬೇಡ.”