ಸಾಹೇಬರ ಬಾತು, ನನ್ನ ಬದ್ಲಿ

ಕನ್ನಡ ಸಾಲಿ ಮಾಸ್ತರಗ ಪಗಾರ ಕಡಿಮಿ ಇರಬಹುದು, ಫಜೀತಿ ಮಾತ್ರ ಎಂದೂ ಕಡಿಮಿ ಬಿದ್ದಿಲ್ಲ. ನನಗಂತೂ ಒಂದ ದಿನದಾಗ ಮೂರು ಬಂದಿದ್ವು.

ಆಗ ನಾ ಹುನಗುಂದ ತಾಲೂಕಿನ ಒಂದು ಸಣ್ಣ ಊರಾಗ, ಒಬ್ಬಾಕಿ ಅಜ್ಜಿ ಮನ್ಯಾಗ ಬಾಡಗಿ ಇದ್ದೆ. ರೊಟ್ಟಿನೂ ಆಕೀನ ಕೊಡತಿದ್ಲು. ಲಗ್ನಾಗಿ ಆರು ತಿಂಗಳಾಗಿತ್ತು. ಹೆಂಡ್ತಿ ಇಳಕಲ್ಲಾಗ, ತವರಮನಿ ಮಗ್ಗದ ಮುಂದ. ಅಲ್ಲಿಗೆ ಬದ್ಲಿ ಕೇಳಿ ಅರ್ಜಿ ಬರದು ಕಿಸೇದಾಗ ಇಟಗೊಂಡಿದ್ದೆ. ಸಹಿ ಹಾಕಾವರು ಸಾಲಿ ಇನ್ಸ್‌ಪೆಕ್ಟರ್ ಸಾಹೇಬರು. ಅವರು ಮೊದಲು ಕಾರವಾರದಾಗಿದ್ದಾವರು. ಅಲ್ಲಿ ಸಮುದ್ರದ ಹಿನ್ನೀರಿನ ದಂಡಿಗೆ ಕುಂತು ಕುಂತು ಹಕ್ಕಿ ನೋಡೋ ಹುಚ್ಚು ಹತ್ತಿತ್ತು.

"ಮಾಸ್ತರೇ, ನಿಮ್ಮ ಕೆರೆಗೆ ಚಳಿಗಾಲದಲ್ಲಿ ತಲೆ ಮೇಲೆ ಎರಡು ಕರಿ ಪಟ್ಟೆ ಇರೋ ಬಾತು ಬರ್ತಾವಂತೆ. ತೋರಿಸ್ತೀರಾ?" ಅಂತ ಸಾಲಿ ತಪಾಸಣಿಗೆ ಬಂದಾಗ ಸಾಹೇಬರು ಕೇಳಿದ್ರು.

"ತೋರಸ್ತೇನ್ರಿ!" ಅಂದೆ. ಇಳಕಲ್ಲಿಗೆ ಕಳಸ್ತಾರಂದ್ರ ಕೆರ್ಯಾಗ ಆನಿ ತೋರಸಾಕೂ ತಯಾರಿದ್ದೆ.

೧. ಮರ್ಯಾದಿ

ಮರದಿನ ಮುಂಜಾನೆ ಸಪ್ಪಳ ಮಾಡದೇ ಕೆರಿಗೆ ಹೋದ್ವಿ. ನೀರ ಮ್ಯಾಲೆ ಖರೇನ ಬಾತಿನ ಹಿಂಡು! ಸಾಹೇಬರು ದುರ್ಬೀನು ಕಣ್ಣಿಗೆ ಹಿಡಿಯೋದಕ್ಕೂ ಹಿಂದ ಹಲಗಿ ಬಡಿಯೋದಕ್ಕೂ ಒಂದಾತು. ಊರ ಗೌಡ್ರು ಹಾರ ಹಿಡಕೊಂಡು ಮಂದಿ ಕಟಗೊಂಡು ಬಂದಿದ್ರು. ಸರಕಾರದ ಮನಷ್ಯಾನ್ನ ಹಲಗಿ ಇಲ್ಲದೇ ಊರಾಗ ಕರಕೊಂಡ್ರ ಊರ ಮರ್ಯಾದಿ ಏನಾಗಬೇಕು?

ಬಾತೆಲ್ಲಾ ಪುರ್ರ್ ಅಂತ ಎದ್ದು ಹ್ವಾದ್ವು. ಗೌಡ್ರು ಮ್ಯಾಲೆ ನೋಡಿ, "ನೋಡ್ರಿ ಸಾಹೇಬ್ರ, ನಮ್ಮೂರ ಹಲಗಿಗೆ ಹಕ್ಕಿನೂ ಕುಣೀತಾವು!" ಅಂದ್ರು.

೨. ಸಮಾಧಾನ

"ನೀವು ಹೋಗಿ ಶಾಲೆ ನಡೆಸಿ. ನಾನೊಬ್ಬನೇ ಕೂತಿರ್ತೇನೆ" ಅಂದ್ರು ಸಾಹೇಬರು. ಎರಡು ತಾಸು ಬಿಟ್ಟು ಬಂದು ನೋಡ್ತೇನಿ, ಅವರ ಸುತ್ತ ಊರ ಹಿರ್ಯಾರು ಕುಂತಾರ. ನಮ್ಮ ಕಡೆ ಯಾರಾದ್ರೂ ಊಟಾ ಬಿಟ್ಟು ಒಬ್ಬರೇ ಕೆರಿ ನೋಡಕೋತ ಕುಂತ್ರ ಮಂದಿಗೆ ಒಂದ ಅನುಮಾನ. ಒಬ್ಬ ಮುದುಕ ಸಾಹೇಬರ ಕೈ ಗಟ್ಟಿ ಹಿಡಕೊಂಡಿದ್ದ.

"ಜೀವಾ ದೊಡ್ಡದ್ರಿ ಸಾಹೇಬ್ರ. ಮನ್ಯಾಗ ಬಾಯಾರು ಬೈದ್ರ ಬೈಲಿ. ನಮಗೂ ಬೈತಾರ. ನಾವೇನು ಕೆರಿ ಹಾರೇವೇನು?"

"ಅಯ್ಯೋ, ನಾನು ಹಕ್ಕಿ ನೋಡ್ತಿದ್ದೇನೆ!"

ಮುದುಕ ನನ್ನ ಕಡೆ ಹೊಳ್ಳಿ ಸಣ್ಣ ದನೀಲೆ, "ಮನಸಿಗೆ ಭಾಳ ಹಚಗೊಂಡಾರ, ಪಾಪ" ಅಂದ.

೩. ಅಟ್ಟ

"ಮಂದಿ ಇಲ್ಲದ ಜಾಗ ಬೇಕು ಮಾರಾಯರೇ" ಅಂತ ಸಾಹೇಬರು ಕೈ ಮುಗದ್ರು. ಕೆರಿ ಬಾಜೂಕ ನಮ್ಮ ಅಜ್ಜಿ ಹೊಲ: ಅರ್ಧಾ ಜ್ವಾಳ, ಅರ್ಧಾ ಕಡ್ಲಿ. ನಡಬರಕ ಅಟ್ಟ. ಅಜ್ಜಿ ನಸುಕಿನಿಂದ ಅದರ ಮ್ಯಾಲೆ ಕವಣಿ ಬೀಸಿ ಹಕ್ಕಿ ಓಡಸಾಕತ್ತಿದ್ಲು. ಸುಗ್ಗ್ಯಾಗ ಒಬ್ಬರ ಹೊಲಕ್ಕ ಒಬ್ಬರು ಆಳು ಕಳಸೋದು ಊರ ಪದ್ಧತಿ. ಸಾಹೇಬರು ಅಟ್ಟ ಏರಿದ್ದ ತಡ, "ಈಗ ಬಂದೇನಪಾ? ತಗೋ" ಅಂತ ಅವರ ಕೈಯಾಗ ಕವಣಿ ಇಟ್ಟು ರೊಟ್ಟಿ ತಿನ್ನಾಕ ಇಳದ ಹೋದ್ಲು. ನಾ ಬಾಯಿ ತಗಿಯೋದರಾಗ ಆಕಿ ಬದು ದಾಟಿದ್ಲು. ನಾನೂ ಅಟ್ಟ ಏರಿ ಸಾಹೇಬರ ಬಾಜೂಕ ಕುಂತೆ.

ಆಗ ಬಾತು ಹೊಳ್ಳಿ ಬಂದ್ವು. ಬಂದು ಎಲ್ಲಿ ಇಳೀಬೇಕು? ಅಟ್ಟದ ಬುಡಕ, ಅಜ್ಜಿ ಕಡ್ಲ್ಯಾಗ! ತಲಿ ಮ್ಯಾಲಿನ ಪಟ್ಟಿ ಬರೇ ಕಣ್ಣಿಗೇ ಕಾಣತಿದ್ವು. ಸಾಹೇಬರು ಕವಣಿ ಬದೀಗಿಟ್ಟು ಉಸುರು ಹಿಡಿದು ಬರಕೊಂಡ್ರು, ನನ್ನ ಬೆನ್ನು ಚಪ್ಪರಿಸಿದ್ರು. ಇದ ಮುಹೂರ್ತ ಅಂತ ನಾ ಅರ್ಜಿ ಮುಂದ ಹಿಡದೆ. ಪೆನ್ನು ಕಾಗದಕ್ಕ ತಾಗೋ ಹೊತ್ತಿಗೆ ಅಜ್ಜಿ ಬಂದ್ಲು.

"ಎಲಾ ಖೋಡಿ! ಕಡ್ಲಿ ಬೋಳಾಗಾಕತ್ತೇತಿ, ನೀ ಬರಕೋತ ಕುಂತಿಯೇನು? ಮಾಸ್ತರ, ನೀನರೆ ತಿಂದ ರೊಟ್ಟಿ ನೆನಸೋ! ಒದರೋ!"

ಆಕಿ ದನಿಗೆ ನಾ ದಿನಾ ಹೆದರಾಂವ. ನನ್ನ ಕೈ ತಾನ ಕವಣಿ ಎತ್ತಿ ಬೀಸಿತು, ಮಗ್ಗಿ ಒದರಿಸಿ ಪಳಗಿದ ಬಾಯಿಂದ "ಹೋ...!" ಬಂತು. ಬಾತು ಎದ್ದು ಹ್ವಾದ್ವು, ಸಾಹೇಬರ ಪೆನ್ನು ಕೆಳಗ ಬಿತ್ತು.

"ನಿನ್ನಂತಾಂವನ್ನ ನೌಕರಿಗೆ ಯಾರ ಇಟಗೊಂಡಾರೋ!" ಅಂದ್ಲು ಅಜ್ಜಿ, ಸಾಹೇಬರಿಗೆ.

ಮುಗೀತು, ಇನ್ನ ಪೆನ್ಶನ್ ತನಕಾ ಇದ ಊರು ಅಂದಕೊಂಡೆ. ಸಾಹೇಬರು ಪೆನ್ನು ಆರಿಸಿಕೊಂಡು ಅರ್ಜಿ ಮ್ಯಾಲೆ ಏನೋ ಬರದು ನನ್ನ ಕೈಗಿಟ್ಟು ಇಳದ್ರು. ಓದಿದೆ: "ಮಂಜೂರು. ಈ ಶಿಕ್ಷಕರು ಇರುವತನಕ ಈ ಕೆರೆಯಲ್ಲಿ ಹಕ್ಕಿ ನಿಲ್ಲುವುದಿಲ್ಲ. ಕೂಡಲೇ ಇಳಕಲ್ಲಿಗೆ ಕಳಿಸತಕ್ಕದ್ದು."

ಇಳಕಲ್ಲಾಗ ಹೆಂಡ್ತಿ ಮಗ್ಗ ನಿಲ್ಲಿಸಿ ಕೇಳಿದ್ಲು: "ಇಷ್ಟ ಲಗೂನ ಬದ್ಲಿ ಹೆಂಗಾತ್ರಿ? ಪಾಠ ಕೇಳಿ ಮೆಚ್ಚಿದ್ರೇನು ಸಾಹೇಬರು?"

"ಪಾಠ ಎಲ್ಲೆ ಕೇಳಿದ್ರ? ಒಂದ ಸಲಾ ದನಿ ಕೇಳಿದ್ರು" ಅಂದೆ.