ರಾಕ್ಷಸನಿಗೆ ಸಿಕ್ಕ ಕ್ವಾರ್ಟರ್ಸ್

ಕಥೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಯಶವಂತಪುರದಲ್ಲೇ ಇಲ್ಲ ಎಂಬ ನಂಬಿಕೆ ನನಗಿತ್ತು. ಕೆಲಸಕ್ಕೆ ತಡವಾಗಿ ಹೋದ ದಿನಗಳಲ್ಲೆಲ್ಲ ಅದನ್ನು ಸಾಬೀತು ಮಾಡಿಯೂ ಇದ್ದೆ. ಹೀಗಿರುವಾಗ, ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿ ಬಂದ ನನ್ನ ಭಾವಮೈದ ಒಂದು ಆಟದ ಪೆಟ್ಟಿಗೆಯನ್ನು ಕೈಗಿಟ್ಟು, "ಭಾವ, ಇದರಲ್ಲಿ ಒಬ್ರು ಕಥೆ ಹೇಳ್ತಾ ಹೋಗ್ಬೇಕು, ಉಳಿದೋರು ಅದರಲ್ಲಿ ಪಾತ್ರ ಆಗಿ ಆಡ್ಬೇಕು" ಎಂದ. ಈ ಆಟವನ್ನು ಯಾರೋ ನನಗಾಗಿಯೇ ಕಂಡುಹಿಡಿದಿದ್ದಾರೆ ಎನಿಸಿತು.

ಪೆಟ್ಟಿಗೆಯಲ್ಲಿ ಇದ್ದದ್ದು ನಿಯಮಗಳ ಒಂದು ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ. ಅಷ್ಟೇ! ಆಟಗಾರ "ನಾನು ಬಾಗಿಲು ಒಡೀತೀನಿ" ಎಂದರೆ ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಾಗಿಲು ಮುರಿಯುತ್ತದೆ, ಸಣ್ಣದು ಬಿದ್ದರೆ ಭುಜ. ಆಟಗಾರರಿಗೆ ಇಷ್ಟ ಬಂದದ್ದನ್ನು ಮಾಡುವ ಸ್ವಾತಂತ್ರ್ಯವಿದೆ ಎಂದು ಮೊದಲ ಪುಟದಲ್ಲೇ ಬರೆದಿತ್ತು. ನಾನು ಪುಟ ತಿರುವಿದೆ. ಮೊದಲ ಪುಟದಲ್ಲಿ ಇಂಥದ್ದನ್ನೆಲ್ಲ ಬರೆಯುವುದು ವಾಡಿಕೆ, ಯಾರೂ ಪಾಲಿಸುವುದಿಲ್ಲ.

ಈ ಆಟ ಆಡಿಸುವುದರಲ್ಲಿ ನನ್ನ ಸ್ವಾರ್ಥವೂ ಇತ್ತು. ನಮ್ಮ ಬಾಡಿಗೆ ಮನೆ ರೈಲು ಹಳಿಗೆ ಅಂಟಿಕೊಂಡಂತೆ ಇತ್ತು. ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ಶೆಲ್ಫಿನ ಮೇಲೆ ವಾಕಿಂಗ್ ಹೊರಡುತ್ತಿದ್ದವು. ಬಚ್ಚಲು ಹಿತ್ತಲಿನಲ್ಲಿ, ನೀರು ಬೀದಿ ಕೊನೆಯ ಬೋರ್‌ವೆಲ್‌ನಲ್ಲಿ. ಕಾರ್ಖಾನೆಯ ಕ್ವಾರ್ಟರ್ಸ್ ಸಿಗುವ ದಿನಕ್ಕಾಗಿ ನನ್ನ ಹೆಂಡತಿ ಸರೋಜ ಮದುವೆಯಾದಂದಿನಿಂದ ಕಾಯುತ್ತಿದ್ದಳು. ಅದನ್ನು ಹಂಚುವ ಅಧಿಕಾರವಿದ್ದದ್ದು ನಮ್ಮ ಮ್ಯಾನೇಜರ್ ಶೇಷಗಿರಿರಾಯರಿಗೆ. ನಾನು ಯಾವಾಗ ಕೇಳಿದರೂ ಅವರು ಕನ್ನಡಕದ ಮೇಲಿನಿಂದ ನೋಡಿ, "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಒಂದು ಭಾನುವಾರ ರಾಯರನ್ನು ಮನೆಗೆ ಕರೆದು, ಆಟದಲ್ಲಿ ಮಹಾಶೂರನನ್ನಾಗಿ ಮಾಡಿ, ರಾಕ್ಷಸನನ್ನು ಅವರ ಕೈಯಿಂದಲೇ ಕೊಲ್ಲಿಸಿ, ಅವರು ಆ ಖುಷಿಯಲ್ಲಿರುವಾಗ ಕ್ವಾರ್ಟರ್ಸ್ ಕೇಳಿಬಿಡುವುದು ನನ್ನ ಯೋಜನೆ.

ಕಥೆಯನ್ನು ಭದ್ರವಾಗಿಯೇ ಕಟ್ಟಿದ್ದೆ. ರಾಕ್ಷಸನೊಬ್ಬ ರಾಜಕುಮಾರಿಯನ್ನು ಗುಹೆಯಲ್ಲಿ ಕೂಡಿಹಾಕಿದ್ದಾನೆ. ಮೂವರು ವೀರರು ಕಾಡು ದಾಟಿ, ಹೊಳೆ ಈಜಿ ಗುಹೆ ಸೇರಬೇಕು. ಗುಹೆಯ ಒಂದೊಂದು ಬಾಗಿಲಿಗೂ ಒಂದೊಂದು ಒಗಟು ಹೊಸೆದಿದ್ದೆ. ಮಹಾರಾಜ, ರಾಕ್ಷಸ, ರಾಜಕುಮಾರಿ ಮೂವರ ಮಾತೂ ನನ್ನದೇ. ವೀರರು ಯಾರೆಂದರೆ ರಾಯರು, ಸರೋಜ ಮತ್ತು ಪಕ್ಕದ ಮನೆಯ ರಹಮತ್. ರಹಮತ್ ನಮ್ಮ ಕಾರ್ಖಾನೆಯಲ್ಲೇ ಟರ್ನರ್, ಜೊತೆಗೆ ಯೂನಿಯನ್ ಕಮಿಟಿಯ ಸದಸ್ಯ. ಕಥೆಗೂ ಯೂನಿಯನ್ನಿಗೂ ಏನು ಸಂಬಂಧ ಎಂದುಕೊಂಡಿದ್ದೆ.

ಭಾನುವಾರ ರಾಯರು ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬಂದರು. ರಹಮತ್‌ನನ್ನು ಕಂಡು ಅವರ ಮುಖ ಸ್ವಲ್ಪ ಸಣ್ಣಗಾಯಿತಾದರೂ ಸರೋಜಳ ಉಪ್ಪಿಟ್ಟು ಅದನ್ನು ಸರಿಮಾಡಿತು. ಕಾಫಿಯಾದ ಮೇಲೆ ನಾನು ಚಾಪೆಯ ಮೇಲೆ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ.

"ಎಲೈ ವೀರರೇ! ಕೂಡಲೇ ಹೊರಡಿ! ಕಾಡು ದಾಟಿ, ಹೊಳೆ ಈಜಿ, ನನ್ನ ಮಗಳನ್ನು ಬಿಡಿಸಿ ತನ್ನಿ!"

ರಹಮತ್ ಕೈ ಎತ್ತಿದ. "ಮಹಾರಾಜ್ರೇ, ಭತ್ಯೆ ಎಷ್ಟು?"

"ಯಾವ ಭತ್ಯೆ?"

"ಊರು ಬಿಟ್ಟು ಹೋಗ್ತಾ ಇದೀವಲ್ಲ ಸಾಮಿ. ರಾತ್ರಿ ಕಾಡಲ್ಲೇ ಇರ್ಬೇಕು ಅಂದ್ರೆ ನೈಟ್ ಶಿಫ್ಟ್ ಅಲವೆನ್ಸು ಬೇರೆ."

"ವೀರರು ಕೂಲಿಗಾಗಿ ಕಾದಾಡುವುದಿಲ್ಲ!" ಎಂದು ಗುಡುಗಿದೆ.

"ಹಂಗಂತ ಯಾವ ರೂಲ್ಸಲ್ಲಿದೆ?" ಎಂದಳು ಸರೋಜ. "ಹೊಳೆ ಈಜಿದ್ರೆ ಸೀರೆ ಒದ್ದೆ ಆಗತ್ತೆ. ಬೇರೆ ಸೀರೆ ಯಾರ್ ಕೊಡ್ತಾರೆ?"

ನಾನು ರಾಯರ ಕಡೆ ನೋಡಿದೆ. ಆಡಳಿತ ಬಲ್ಲವರು, ಇವರಿಬ್ಬರ ಬಾಯಿ ಮುಚ್ಚಿಸುತ್ತಾರೆ ಎಂದುಕೊಂಡೆ. ಅವರು ದಾಳವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸರಿ, ರಾಜನಾದವನು ಇಂಥ ಹೊತ್ತಿನಲ್ಲಿ ಏನು ಹೇಳಬಹುದೋ ಅದನ್ನೇ ಹೇಳಿದೆ.

"ನಿಮ್ಮ ಬೇಡಿಕೆ ಪರಿಶೀಲನೆಯಲ್ಲಿದೆ."

ರಾಯರು ಥಟ್ಟನೆ ತಲೆ ಎತ್ತಿದರು. "ಪರಿಶೀಲನೆನಾ? ಇದ್ಯಾವ ಸೀಮೆ ಉತ್ತರ ರೀ? ಯಾರು ಪರಿಶೀಲಿಸ್ತಾ ಇದಾರೆ? ಯಾವಾಗ ಮುಗಿಯತ್ತೆ? ಹೌದು ಅನ್ನಿ, ಇಲ್ಲ ಅನ್ನಿ, ಮನುಷ್ಯರ ಥರ ಮಾತಾಡಿ!"

'ಪರಿಶೀಲನೆಯಲ್ಲಿದೆ' ಎಂಬ ಮಾತನ್ನು ಅವರು ಜೀವನವಿಡೀ ಹೇಳಿದ್ದರೇ ಹೊರತು ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡಿರಲಿಲ್ಲ. ನೋಡನೋಡುತ್ತಿದ್ದಂತೆ ಮೂವರು ವೀರರೂ ಅರಮನೆಯ ಹೆಬ್ಬಾಗಿಲಲ್ಲಿ ಮುಷ್ಕರ ಕೂತರು. ಮುಂದಾಳು ರಾಯರು!

ನಾನು ಸೈನಿಕರನ್ನು ಕರೆಸಿದೆ. ದಾಳ ಹಾಕಿದೆ. ಇಪ್ಪತ್ತು! ಮುಷ್ಕರ ಮುರಿಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ನೆಲ ನಡುಗಿತು, ದಾಳ ಚಾಪೆಯ ಮೇಲೆ ಕುಣಿದು ಮಗುಚಿಕೊಂಡಿತು. ಒಂದು!

"ಸೈನಿಕರೂ ನಮ್ ಕಡೆ!" ಎಂದು ರಹಮತ್ ತೊಡೆ ತಟ್ಟಿದ.

"ಅದು ರೈಲಿಂದ ಆಗಿದ್ದು ಕಣೋ!"

"ರೈಲೂ ನಮ್ ಕಡೆ ಗುರು!"

ಈ ಮೂವರು ಗುಹೆಗೆ ಹೋಗದಿದ್ದರೆ ಗುಹೆಯೇ ಇವರ ಬಳಿಗೆ ಬರಲಿ ಎಂದು, ಬೇರೆ ದಾರಿ ಕಾಣದೆ ರಾಕ್ಷಸನನ್ನೇ ಅರಮನೆಗೆ ನುಗ್ಗಿಸಿದೆ. ಕಣ್ಣು ಕೆಂಪಗೆ ಮಾಡಿ, "ಹಹ್ಹಹ್ಹಾ! ನರಪ್ರಾಣಿಗಳೇ!" ಎಂದು ಅಬ್ಬರಿಸಿದೆ.

"ಬಾ ಅಣ್ಣ, ಕೂತ್ಕೋ" ಎಂದ ರಹಮತ್. "ಆ ಹುಡ್ಗೀನ ಕಾಯೋಕೆ ಎಷ್ಟ್ ಜನ ಇದೀರಾ?"

"ನಾನೊಬ್ಬನೇ!"

"ಅರೇ! ಮೂರು ಶಿಫ್ಟೂ ನೀನೊಬ್ನೇನಾ? ವಾರದ ರಜಾ?"

ನಾನು ಯೋಚಿಸಿದೆ. ರಜೆಯನ್ನು ನಾನು ಬರೆದೇ ಇರಲಿಲ್ಲ. "ಇಲ್ಲ" ಎಂದೆ. ನಿಜ ಹೇಳಬೇಕೆಂದರೆ ನನಗೇ ಅವನ ಮೇಲೆ ಕನಿಕರ ಬಂತು.

"ಗುಹೇಲಿ ಬಚ್ಚಲಿದ್ಯಾ?" ಸರೋಜ ಮೆಲ್ಲಗೆ ಕೇಳಿದಳು.

"ಹೊರಗಿದೆ."

"ನೀರು?"

"ಹೊತ್ತು ತರಬೇಕು."

ಸರೋಜಳ ಕಣ್ಣು ತುಂಬಿ ಬಂತು. "ರಾಯರೇ, ಬೇರೆಯೆಲ್ಲ ಆಮೇಲೆ. ಮೊದ್ಲು ಇವನಿಗೊಂದು ಕ್ವಾರ್ಟರ್ಸ್ ಕೊಡ್ಸಿ."

ರಾಯರು ಎದ್ದು ನಮ್ಮ ಮುರುಕಲು ಸ್ಟೂಲಿನ ಮೇಲೆ ಹತ್ತಿ ನಿಂತರು. ಮುಷ್ಟಿ ಮೇಲೆತ್ತಿ, "ಮಹಾರಾಜನಿಗೆ!" ಎಂದರು. "ಧಿಕ್ಕಾರ!" ಎಂದರು ಉಳಿದಿಬ್ಬರು. "ರಾಕ್ಷಸ ಸುಮ್ನೆ ಇದಾನಲ್ರೀ, ಅವನ ಕೈಲೂ ಕೂಗ್ಸಿ!" ಎಂದು ರಾಯರು ನನ್ನನ್ನು ಗದರಿಸಿದರು. ಹೀಗಾಗಿ ನನ್ನ ಮನೆಯಲ್ಲಿ, ನನ್ನದೇ ಆಟದಲ್ಲಿ, ನನಗೆ ನಾನೇ ಧಿಕ್ಕಾರ ಕೂಗಿಕೊಂಡೆ. ಅತ್ತ ಕಾವಲಿಗೆ ಯಾರೂ ಇಲ್ಲದ್ದರಿಂದ ರಾಜಕುಮಾರಿ ತಾನೇ ನಡೆದುಕೊಂಡು ಮನೆಗೆ ಬಂದಳು. ನನ್ನ ಒಗಟುಗಳನ್ನು ಯಾರೂ ಕೇಳಲೇ ಇಲ್ಲ.

ಮಹಾರಾಜ ಶರಣಾದ. ರಾಕ್ಷಸನಿಗೆ ಅರಮನೆ ಪಕ್ಕದಲ್ಲೇ ಎರಡು ರೂಮಿನ ಕ್ವಾರ್ಟರ್ಸ್, ಒಳಗೇ ಬಚ್ಚಲು, ಮನೆಯೊಳಗೇ ನಲ್ಲಿ ಎಂದು ತೀರ್ಮಾನವಾಯಿತು. ಗಂಟಲು ಕಟ್ಟಿಹೋಗಿದ್ದ ರಾಯರು ಬೆವರು ಒರೆಸಿಕೊಳ್ಳುತ್ತಾ ರಹಮತ್‌ನನ್ನು ತಬ್ಬಿಕೊಂಡರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಇದೇ ಸಮಯ ಎಂದುಕೊಂಡೆ.

"ಸಾರ್, ನಮ್ಮ ಕ್ವಾರ್ಟರ್ಸ್ ವಿಷಯ..."

"ಅದನ್ನೇ ಹೇಳೋಣ ಅಂತಿದ್ದೆ ಕಣ್ರೀ. ಈ ತಿಂಗಳೇ ನಿಮಗೆ ಕೊಡೋದು ಅಂತ ಇತ್ತು."

ಲೋಟ ಎತ್ತುತ್ತಿದ್ದ ಸರೋಜಳ ಕೈ ಹಾಗೇ ನಿಂತಿತು.

"ಆದ್ರೆ ನೀವು ಈ ಮನೆ ಬಿಡಬಾರ್ದು. ನಮ್ಮನೇಲಿ ಹಿಂಗೆ ಕೂಗಿದ್ರೆ ಆರ್.ಟಿ. ನಗರಕ್ಕೆಲ್ಲ ಕೇಳ್ಸತ್ತೆ. ಕ್ವಾರ್ಟರ್ಸಲ್ಲಿ ಸುತ್ತಾ ನಮ್ ಫ್ಯಾಕ್ಟ್ರಿಯೋರೇ, ನನ್ ಮಾನ ಹೋಗತ್ತೆ. ಇಲ್ಲಿ ನೋಡಿ, ರೈಲಿನ ಸದ್ದಲ್ಲಿ ಏನ್ ಕೂಗಿದ್ರೂ ಯಾರಿಗೂ ಗೊತ್ತಾಗಲ್ಲ! ಮುಂದಿನ ಭಾನುವಾರನೂ ಬರ್ತೀನಿ. ರಹಮತ್, ನೀವೂ ಬನ್ನಿ."

"ಕಥೆ ಮುಗಿದುಹೋಯ್ತಲ್ಲ ಸಾರ್" ಎಂದೆ ಕ್ಷೀಣ ಸ್ವರದಲ್ಲಿ.

"ಕಥೆ ಯಾಕ್ರೀ ಬೇಕು? ಮಹಾರಾಜ ಒಬ್ಬ ಇದ್ರೆ ಸಾಕು!"

ಸ್ಕೂಟರಿನ ಸದ್ದು ದೂರವಾಯಿತು. ಸರೋಜ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ರೀ, ಆ ರಾಕ್ಷಸನ್ನ ಒಂದ್ ಮಾತು ಕೇಳಿ" ಎಂದಳು. "ಎರಡು ರೂಮಿದ್ಯಲ್ಲ, ಒಂದನ್ನ ನಮಗೆ ಬಾಡಿಗೆಗೆ ಕೊಡ್ತಾನಾ ಅಂತ."

ರಾಕ್ಷಸನ ಪಾತ್ರ ನನ್ನದೇ ಆದ್ದರಿಂದ ಉತ್ತರವನ್ನೂ ನಾನೇ ಹೇಳಬೇಕಾಯಿತು.

"ಪರಿಶೀಲನೆಯಲ್ಲಿದೆ" ಎಂದೆ.

ಅವಳು ಕೊಡವನ್ನು ನನ್ನ ಕೈಗಿಟ್ಟಳು. ಮಹಾರಾಜರು ಬೋರ್‌ವೆಲ್ ಕಡೆಗೆ ದಯಮಾಡಿಸಿದರು!