ವಿಗ್ಗಣ್ಣನಿಗೆ ಸಿಕ್ಕ ಚಪ್ಪಾಳೆ

ವಿಗ್ಗಣ್ಣನ ತಲೆಗೆ ಹುಳ ಬಿಟ್ಟವನು ಅವನ ಭಾವಮೈದ. ಅದೂ ಬೆಳಗಿನ ಕಾಫಿಯ ಹೊತ್ತಿನಲ್ಲಿ, ಅಕ್ಕನ ಮನೆಯ ಬಿಸ್ಕತ್ತನ್ನು ಲೋಟದಲ್ಲಿ ಅದ್ದಿ ಅದ್ದಿ ತಿನ್ನುತ್ತಾ.

ಅಂದು ಸಂಜೆ ವರ್ತಕರ ಸಂಘದಲ್ಲಿ ವರ್ಷದ ಅತ್ಯುತ್ತಮ ಕುಶಲಕರ್ಮಿಗೆ ಬಹುಮಾನ ಕೊಡುವುದಿತ್ತು. ಕ್ರಮ ಬಹಳ ಸರಳ. ಗಿರಾಕಿಗಳು ಸಭೆಯಲ್ಲಿ ಎದ್ದು ನಿಂತು ಇಂಥವರ ಕೆಲಸ ಚೆನ್ನಾಗಿದೆ ಎನ್ನಬೇಕು. ಯಾರ ಪರವಾಗಿ ಹೆಚ್ಚು ಜನ ಎದ್ದರೋ ಬಹುಮಾನ ಅವರದು. ಬಡಗಿಗೆ ಸಿಕ್ಕಿತ್ತು, ಬೀಗ ರಿಪೇರಿಯವನಿಗೆ ಸಿಕ್ಕಿತ್ತು, ಹೋದ ವರ್ಷ ಪಕ್ಕದ ಕನ್ನಡಕದಂಗಡಿಯಾಕೆಗೂ ಸಿಕ್ಕಿತ್ತು. ವಿಗ್ಗಣ್ಣನಿಗಾಗಿ ಮಾತ್ರ ಇಷ್ಟು ವರ್ಷಗಳಲ್ಲಿ ಒಂದು ನರಪಿಳ್ಳೆಯೂ ಎದ್ದಿರಲಿಲ್ಲ. ಎದ್ದು ಏನೆಂದಾರು ಪಾಪ? ನನ್ನ ತಲೆಯ ಮೇಲಿರುವುದು ಇವರು ಕಟ್ಟಿದ ಕೂದಲು ಎಂದೇ?

ಹಾಗೆಂದು ಅವನ ಕೆಲಸ ಸಾಮಾನ್ಯದ್ದಲ್ಲ. ಸೊಳ್ಳೆಪರದೆಗಿಂತ ತೆಳುವಾದ ಬಲೆಯ ಮೇಲೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಗಂಟು ಹಾಕುತ್ತಿದ್ದ. ನೆತ್ತಿಯಲ್ಲಿ ಸುಳಿ ಬಿಡಿಸುತ್ತಿದ್ದ. ಗಿರಾಕಿಯ ವಯಸ್ಸು ಏರಿದಂತೆ ವರ್ಷವರ್ಷವೂ ಕಿವಿಯ ಪಕ್ಕಕ್ಕೆ ನಾಲ್ಕಾರು ನರೆಗೂದಲು ಸೇರಿಸಿಕೊಡುತ್ತಿದ್ದ. ಬೀದಿಯಲ್ಲಿ ತನ್ನ ಕೈಯ ಸುಳಿಯೊಂದು ಎದುರಿಗೆ ಬಂದರೆ ಅವನ ಎದೆ ಉಬ್ಬುತ್ತಿತ್ತು. ಆ ಸುಳಿಯ ಒಡೆಯ ಮಾತ್ರ ಗುರುತೇ ಇಲ್ಲದವನಂತೆ ಆಚೆ ಬದಿಗೆ ದಾಟಿಬಿಡುತ್ತಿದ್ದ.

"ಭಾವ, ಗಿರಾಕಿಗಳ ಮೇಲ್ ವಿಳಾಸ ಎಲ್ಲಾ ನಿಮ್ಮ ಹತ್ರ ಇದೆಯಲ್ಲ? ಎಲ್ರಿಗೂ ಒಂದು ಮೇಲ್ ಹಾಕಿ. ಖರ್ಚಿಲ್ಲ, ಪರ್ಚಿಲ್ಲ," ಎಂದ ಭಾವಮೈದ.

ವಿಳಾಸಗಳೇನೋ ಇದ್ದವು. ಬಿಲ್ಲಿನ ಕಾಗದ ಮನೆಯವರ ಕೈಗೆ ಸಿಗದಿರಲೆಂದು ಗಿರಾಕಿಗಳು ಮೇಲ್‌ನಲ್ಲೇ ಬಿಲ್ ತರಿಸಿಕೊಳ್ಳುತ್ತಿದ್ದರು. ವಿಳಾಸ ಕೊಟ್ಟದ್ದು ಅಷ್ಟಕ್ಕೇ. ವಿಗ್ಗಣ್ಣ ಅಂಗಡಿಯ ಬಾಗಿಲು ತೆಗೆಯುತ್ತಾ ಈ ಉಪಾಯವನ್ನು ಕನ್ನಡಕದಂಗಡಿಯಾಕೆಗೆ ಹೇಳಿದ. ಆಕೆ ಗಾಜು ಒರೆಸುವುದನ್ನು ನಿಲ್ಲಿಸಿ, "ಅವರನ್ನ ಕೇಳಿದ್ದೀರಾ?" ಎಂದಳು. ತನ್ನ ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಮೇಲ್ ಕಳಿಸಬಹುದೇ ಎಂದು ಕೇಳಿ, ಬೇಡವೆಂದವರ ತಂಟೆಗೇ ಹೋಗದ ಹೆಂಗಸು ಅವಳು. ವಿಗ್ಗಣ್ಣ ನಕ್ಕುಬಿಟ್ಟ. ಒಳ್ಳೆಯ ಸುದ್ದಿ ಹೇಳುವುದಕ್ಕೂ ಅಪ್ಪಣೆ ಬೇಕೇ?

ಭಾವಮೈದ ಎಲ್ಲ ವಿಳಾಸಗಳನ್ನೂ ಒಂದರ ಪಕ್ಕ ಒಂದು ಜೋಡಿಸಿದ. ವಿಗ್ಗಣ್ಣ ಹೇಳಿದ, ಅವನು ಬರೆದ: 'ನನ್ನ ವಿಗ್ಗು ಧರಿಸುವ ಮಹನೀಯರೇ, ಇಂದು ಸಂಜೆ ಸಭೆಯಲ್ಲಿ ನನಗಾಗಿ ಎದ್ದು ನಿಲ್ಲಿ.'

ಕಾಲು ಗಂಟೆಯೊಳಗೆ ಫೋನು ಬಡಿದುಕೊಂಡಿತು. ಸಂಗೀತದ ಮೇಷ್ಟ್ರು. ಅವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಮೇಲ್ ವಿಳಾಸವಂತೆ. ಬಿಲ್ಲಾದರೆ ಬಂದ ಕೂಡಲೇ ಅಳಿಸಿಬಿಡುತ್ತಿದ್ದರಂತೆ, ಇದು ಮೊದಲು ಹೆಂಡತಿಯ ಕಣ್ಣಿಗೇ ಬಿತ್ತಂತೆ. ಗಂಡನ ಕೂದಲನ್ನು ನೆಂಟರಿಷ್ಟರ ಮುಂದೆಲ್ಲ ಹೊಗಳಿದ್ದ ಆ ತಾಯಿ ಈಗ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಎಲ್ಲಿ, ತಲೆ ಅಲ್ಲಾಡಿಸಿ ನೋಡೋಣ ಎನ್ನುತ್ತಿದ್ದಾರಂತೆ. ಆಮೇಲೆ ಬ್ಯಾಂಕಿನ ಮ್ಯಾನೇಜರು. ಎದುರು ಮೇಜಿನ ಕ್ಯಾಷಿಯರ್ ತನ್ನನ್ನೇ ನೋಡುತ್ತಿದ್ದಾನೆ, ತಾನು ಅವನನ್ನೇ ನೋಡುತ್ತಿದ್ದೇನೆ, ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾರೆ ಎಂದು ಪಿಸುದನಿಯಲ್ಲೇ ಬೈದರು. ಮೇಲ್ ಪಡೆದ ಪ್ರತಿಯೊಬ್ಬನಿಗೂ ಉಳಿದವರ ಹೆಸರೆಲ್ಲ ಕಾಣುತ್ತಿತ್ತು!

ವಿಗ್ಗಣ್ಣ ಫೋನನ್ನು ಕೆಳಗಿಟ್ಟ. ತಕ್ಷಣ ಕ್ಷಮೆ ಕೇಳಬೇಕೆಂದ. ಭಾವಮೈದ ಕುಟುಕುಟು ಒತ್ತಿಯೇಬಿಟ್ಟ: 'ಬೆಳಗಿನ ಮೇಲ್ ಮರೆತುಬಿಡಿ. ತಮ್ಮೆಲ್ಲರ ತಲೆ ಬೋಳೆಂಬ ಮಾತು ನನ್ನ ಬಾಯಿಂದ ಎಂದೂ ಹೊರಬೀಳದು.'

"ಈ ಸಲ ಬರೀ ಗಿರಾಕಿಗಳಿಗೆ ಕಳಿಸಿಲ್ಲ ಭಾವ," ಎಂದ ಅವನು ಹೆಮ್ಮೆಯಿಂದ. "ನಿಮ್ಮ ದೊಡ್ಡತನ ಊರಿಗೆಲ್ಲ ಗೊತ್ತಾಗ್ಲಿ ಅಂತ ಸಂಘದ ಸದಸ್ಯರನ್ನೂ ಸೇರಿಸಿದೆ."

ವಿಗ್ಗಣ್ಣ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕುಳಿತ. ಸಾಲಾಗಿ ನಿಂತ ಮರದ ತಲೆಗಳು ಅವನನ್ನೇ ನೋಡುತ್ತಿದ್ದವು. ಬಹುಮಾನದ ಆಸೆ ಅಲ್ಲಿಗೆ ಮುಗಿಯಿತು, ಇನ್ನು ಅಂಗಡಿ ಉಳಿದರೆ ಸಾಕು ಎಂದುಕೊಂಡ. ಸಂಜೆ ಹೆಂಡತಿಯೇ ಬಂದು ಎಬ್ಬಿಸಿದಳು. "ಏಳ್ರೀ, ತಪ್ಪು ಮಾಡಿದ್ಮೇಲೆ ಹೋಗಿ ಮುಖ ತೋರಿಸ್ಬೇಕು," ಎಂದು ಕೈಗೆ ಬಾಚಣಿಗೆ ಕೊಟ್ಟಳು. ಅವನ ತಲೆಯಲ್ಲಿ ಗದ್ದೆಯ ಪೈರಿನಂಥ ದಟ್ಟ ಕೂದಲಿತ್ತು. ಅವನದೇ, ಹುಟ್ಟಿನಿಂದ ಬಂದದ್ದು.

ಸಭಾಂಗಣದಲ್ಲಿ ವಿಗ್ಗಣ್ಣ ಕೊನೆಯ ಕಂಬದ ಹಿಂದೆ ಅಡಗಿ ಕುಳಿತ. ವೇದಿಕೆಯ ಮೇಲೆ ಸಂಘದ ಅಧ್ಯಕ್ಷರು, ಪೀಠೋಪಕರಣದ ದೊಡ್ಡ ಮಳಿಗೆಯವರು, ಮೈಕಿನ ಮುಂದೆ ಬಂದರು. ಅವರ ತಲೆಯ ಮೇಲಿದ್ದುದು ವಿಗ್ಗಣ್ಣನ ಜೀವಮಾನದ ಅತ್ಯುತ್ತಮ ಸುಳಿ. ಅವರು ಸಭೆಯನ್ನೊಮ್ಮೆ ದಿಟ್ಟಿಸಿ, ವಿಗ್ಗನ್ನು ತೆಗೆದು ಮೇಜಿನ ಮೇಲಿಟ್ಟರು. ದೀಪದ ಬೆಳಕಿಗೆ ನೆತ್ತಿ ಫಳಫಳ ಹೊಳೆಯಿತು.

"ಇಷ್ಟು ವರ್ಷ ಗಾಳಿ ಬೀಸಿದಾಗೆಲ್ಲ ಹೆದರಿಕೊಂಡೇ ಬದುಕಿದೆ," ಎಂದರು. "ಇವತ್ತು ಆ ಮೇಲ್ ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ಹೆಸರು ಓದ್ತಾ ಓದ್ತಾ ಧೈರ್ಯ ಬಂತು. ನಾವು ಎಷ್ಟೊಂದು ಜನ ಇದ್ದೀವಲ್ರೀ."

ಮೇಷ್ಟ್ರು ಎದ್ದರು, ತೆಗೆದರು. ಮ್ಯಾನೇಜರೂ ಕ್ಯಾಷಿಯರೂ ಒಟ್ಟಿಗೇ ಎದ್ದರು. ಒಬ್ಬರ ಹಿಂದೆ ಒಬ್ಬರು ಎದ್ದು ತಲೆಯೆತ್ತಿ ನಿಂತರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲೇ ಕೂತಿದ್ದರೂ ನಮಗೆ ಗೊತ್ತೇ ಆಗಿರಲಿಲ್ಲವಲ್ಲ, ಅದೇನು ಕೈಚಳಕ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಅಧ್ಯಕ್ಷರು ಕಂಬದ ಕಡೆಗೆ ಕೈ ಚಾಚಿ, ಬಾರಯ್ಯ, ಬಹುಮಾನ ನಿನ್ನದೇ ಎಂದರು.

ವಿಗ್ಗಣ್ಣನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹಿಂಬಾಗಿಲಿನಿಂದ ಬಂದು ಹೋಗುತ್ತಿದ್ದ ಅವನ ಕೆಲಸ ಇಂದು ಮುಂಬಾಗಿಲಿನಿಂದ ಬಂದಿತ್ತು. ವೇದಿಕೆಯ ಮೆಟ್ಟಿಲು ಹತ್ತುವಾಗ ಅವನಷ್ಟು ಹೆಮ್ಮೆಯ ಮನುಷ್ಯ ಊರಿನಲ್ಲೇ ಇರಲಿಲ್ಲ. ಫಲಕ ಕೈಗೆ ಬಂತು. ಅದರ ಮೇಲೆ ಅಧ್ಯಕ್ಷರು ತಮ್ಮ ವಿಗ್ಗನ್ನು ಮಡಿಸಿಟ್ಟರು. ಇನ್ನು ಬೇಕಾಗುವುದಿಲ್ಲ, ನೀನೇ ಇಟ್ಟುಕೋ ಎಂದರು. ಅದರ ಮೇಲೆ ಮೇಷ್ಟ್ರದು, ಮ್ಯಾನೇಜರದು, ಕ್ಯಾಷಿಯರದು. ರಾಶಿ ಗದ್ದದವರೆಗೆ ಬಂದಾಗ ವಿಗ್ಗಣ್ಣನಿಗೆ ಹೊಳೆಯಿತು: ಊರಿನ ಗಿರಾಕಿಗಳೆಲ್ಲ ಅವನ ತೋಳಿನ ಮೇಲಿದ್ದರು, ಇನ್ನು ಅಂಗಡಿಗೆ ಬರುವವರು ಯಾರೂ ಉಳಿದಿರಲಿಲ್ಲ. ಅಷ್ಟರಲ್ಲಿ ಯಾರೋ ಫೋಟೋ ಹೊಡೆದರು.

ಮರುದಿನ ಬೆಳಗ್ಗೆ ಆ ಫೋಟೋ ಊರಿನ ಎಲ್ಲರ ಮೇಲ್‌ಗೂ ಬಂದಿತ್ತು. ಸಂಘ ಕಳಿಸಿದ್ದು. ವಿಗ್ಗಣ್ಣನನ್ನು ಯಾರೂ ಕೇಳಿರಲಿಲ್ಲ. ಹೊಳೆಯುವ ತಲೆಗಳ ನಡುವೆ ಕೂದಲಿದ್ದದ್ದು ಅವನೊಬ್ಬನಿಗೇ. ಕೆಳಗೆ ಅಧ್ಯಕ್ಷರ ಮಾತು: 'ಈ ಕಲಾವಿದನ ಅತಿಶ್ರೇಷ್ಠ ಕೃತಿ ಅವನ ತಲೆಯ ಮೇಲೆಯೇ ಇದೆ. ಮುಟ್ಟಿ ನೋಡಿದರೂ ವಿಗ್ಗೆಂದು ತಿಳಿಯದು.'

ಇದು ನನ್ನದೇ ಕೂದಲು ಎಂದು ಹಾಲಿನವನಿಗೆ ಹೇಳಿದ, ಅವನು ಕಣ್ಣು ಮಿಟುಕಿಸಿದ. ಕನ್ನಡಕದಂಗಡಿಯಾಕೆಗೆ ಹೇಳಿದ, ಆಕೆ ಕನ್ನಡಕ ಏರಿಸಿಕೊಂಡು ನೋಡಿ, ಅದ್ಭುತವಾಗಿದೆ ಎಂದಳು. ಅಂಗಡಿಯಲ್ಲಿ ಕುಳಿತು ಗಿರಾಕಿಯ ದಾರಿ ಕಾಯುತ್ತಿದ್ದಾಗ ಸಂಗೀತದ ಮೇಷ್ಟ್ರು ಬೋಳುತಲೆ ಹೊಳೆಸುತ್ತಾ ಒಳಗೆ ಬಂದರು. ನಮಸ್ಕಾರವನ್ನೂ ಹೇಳದೆ ಅವನ ಮುಂಗೂದಲಿಗೆ ಕೈ ಹಾಕಿ, ಕಾಲನ್ನು ಮೇಜಿಗೆ ಒತ್ತಿ ಹಿಡಿದು ಎಳೆದರು.

"ಅಯ್ಯೋ ಮೇಷ್ಟ್ರೇ," ಎಂದ ವಿಗ್ಗಣ್ಣ ಕಣ್ಣೀರು ಒರೆಸಿಕೊಳ್ಳುತ್ತಾ, "ಎಳೆಯೋಕ್ ಮುಂಚೆ ಒಂದು ಮಾತು ಕೇಳ್ಬಾರ್ದಿತ್ತಾ?"

ಮೇಷ್ಟ್ರು ಕೈಗೆ ಬಂದ ನಾಲ್ಕು ಕೂದಲನ್ನು ಬೆಳಕಿಗೆ ಹಿಡಿದು ನೋಡುತ್ತಾ, "ಕಳಿಸೋಕ್ ಮುಂಚೆ ನೀವು ಕೇಳಿದ್ರಾ?" ಎಂದರು.